ಅಮೆರಿಕದ ಭತ್ತದ ರೈತನಿಗೆ ಅಷ್ಟು ದುಡ್ಡು ಹೇಗೆ ಬರುತ್ತದೆ, ಪಕ್ಕದವನಿಗೆ ಯಾಕೆ ಬರುವುದಿಲ್ಲ?

ಪ್ರಶ್ನೆ: ನಾನು ಕಾರಟಗಿ ಕಡೆಯ ಭತ್ತದ ರೈತ. ಮಗ ಅಮೆರಿಕದ ಆರ್ಕನ್ಸಾ ರಾಜ್ಯದ ಬೆಂಟನ್‌ವಿಲ್‌ನಲ್ಲಿ ಕೆಲಸಕ್ಕಿದ್ದಾನೆ. ಹೋದ ಸಲ ಅಲ್ಲಿಗೆ ಹೋದಾಗ ಸ್ಟಟ್‌ಗಾರ್ಟ್ ಅನ್ನುವ ಊರಿನ ಭತ್ತದ ಗದ್ದೆ ತೋರಿಸಿದ. ರಾತ್ರಿ ಕಂಪ್ಯೂಟರ್‌ನಲ್ಲಿ ಆ ಕೌಂಟಿಯ, ಅಂದರೆ ಅವರ ಜಿಲ್ಲೆಯ, ರೈತರ ಹೆಸರು, ಯಾರಿಗೆ ಎಷ್ಟು ಸರ್ಕಾರಿ ದುಡ್ಡು ಬಂದಿದೆ ಅನ್ನುವ ಪಟ್ಟಿಯನ್ನೂ ತೆಗೆದು ತೋರಿಸಿದ. ಒಬ್ಬನಿಗೆ ಲಕ್ಷಾಂತರ ಡಾಲರ್, ಇನ್ನೊಬ್ಬನಿಗೆ ಐನೂರು ಆರುನೂರು. ಕೆಲವರ ವಿಳಾಸ ನೋಡಿದರೆ ಬೇರೆ ರಾಜ್ಯದ್ದು! ಇದನ್ನು ಹೇಗೆ ಲೆಕ್ಕ ಹಾಕುತ್ತಾರೆ? ನಮಗೆ ವರ್ಷಕ್ಕೆ ಆರು ಸಾವಿರ ಕೊಟ್ಟು ಕೈ ತೊಳೆದುಕೊಳ್ಳುತ್ತಾರಲ್ಲ, ಅವರಿಗೆ ಯಾಕೆ ಅಷ್ಟೊಂದು?

ಉತ್ತರ: ಯಜಮಾನ್ರೇ, ನಿಮ್ಮ ಮಗ ತೋರಿಸಿದ ಪಟ್ಟಿ ಸುಳ್ಳಲ್ಲ. ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಅಂತ ಒಂದು ಸಂಸ್ಥೆ ಇದೆ. ಅಲ್ಲಿನ ಮಾಹಿತಿ ಹಕ್ಕು ಕಾನೂನಿನಡಿ ಕೃಷಿ ಇಲಾಖೆಯಿಂದ ಲೆಕ್ಕ ತರಿಸಿಕೊಂಡು, 1995ರಿಂದ ಈಚೆಗಿನದನ್ನೆಲ್ಲ ಕೌಂಟಿವಾರು, ಹೆಸರುವಾರು ಹಾಕಿಟ್ಟಿದೆ. ಆದರೆ ಆ ಪಟ್ಟಿ ಒಂದನ್ನೇ ನೋಡಿ ಯಾರು ದೊಡ್ಡ ರೈತ, ಯಾರು ಸಣ್ಣವ, ಯಾರು ಕಳ್ಳ ಅಂತ ತೀರ್ಮಾನ ಮಾಡಲು ಹೋದರೆ ಎಡವುತ್ತೀರಿ. ಯಾಕೆಂದರೆ ಅಲ್ಲಿನ ದೊಡ್ಡ ಯೋಜನೆಯ ದುಡ್ಡು ಈ ವರ್ಷ ಏನು ಬೆಳೆದೆ ಅಂತ ಕೇಳುವುದೇ ಇಲ್ಲ. ಜಮೀನಿನ ಮೇಲೆ ಹಿಂದೆ ಯಾವತ್ತೋ ಬರೆದಿಟ್ಟ ಒಂದು ದಾಖಲೆಯನ್ನು ಹಿಡಿದು ಬರುತ್ತದೆ. ಇದೊಂದು ತಲೆಗೆ ಹೋದರೆ ಮಿಕ್ಕಿದ್ದೆಲ್ಲ ಸಲೀಸು.

ಮೊದಲು ಊರಿನ ವಿಷಯ. ಸ್ಟಟ್‌ಗಾರ್ಟ್ ಇರುವುದು ಆರ್ಕನ್ಸಾ ಅನ್ನುವ ಹೆಸರಿನದೇ ಕೌಂಟಿಯಲ್ಲಿ, ಅಂದರೆ ರಾಜ್ಯಕ್ಕೂ ಅದೇ ಹೆಸರು, ಕೌಂಟಿಗೂ ಅದೇ ಹೆಸರು. ಅಗಲದಲ್ಲಿ ನಮ್ಮ ದೊಡ್ಡ ತಾಲ್ಲೂಕಿನಷ್ಟಿದೆ, ಜನ ಮಾತ್ರ 17 ಸಾವಿರದ ಆಸುಪಾಸು. ಒಂದೇ ಕೌಂಟಿಗೆ ಎರಡು ಕೇಂದ್ರ ಸ್ಥಳ, ಸ್ಟಟ್‌ಗಾರ್ಟ್ ಒಂದು, ಡಿವಿಟ್ ಇನ್ನೊಂದು. ಗ್ರ್ಯಾಂಡ್ ಪ್ರೇರಿ ಅಂತ ಕರೆಯುವ ಆ ಬಯಲಿನಲ್ಲಿ ಮೇಲ್ಮಣ್ಣಿನ ಕೆಳಗೆ ಗಟ್ಟಿ ಜೇಡಿಯ ಪದರ ಇದೆ, ಕಟ್ಟಿದ ನೀರು ಕೆಳಗೆ ಇಂಗುವುದಿಲ್ಲ. ಭತ್ತಕ್ಕೆ ಹೇಳಿ ಮಾಡಿಸಿದ ನೆಲ. ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಅಲ್ಲಿ ಭತ್ತ ಹಾಕುತ್ತಿದ್ದಾರೆ, ಬೋರ್‌ವೆಲ್ ಹೊಡೆದು ಹೊಡೆದು ಅಂತರ್ಜಲ ಕೆಳಗಿಳಿದಿದೆ, ಆ ಕಥೆ ನಿಮಗೆ ಹೊಸದಲ್ಲ ಬಿಡಿ. ಇಡೀ ಅಮೆರಿಕದ ಭತ್ತದಲ್ಲಿ ಹತ್ತಿರ ಹತ್ತಿರ ಅರ್ಧ ಈ ಒಂದು ರಾಜ್ಯದ್ದು. ಚಳಿಗಾಲದಲ್ಲಿ ಕೊಯ್ದ ಗದ್ದೆಗೆ ನೀರು ನಿಲ್ಲಿಸಿ ಬಾತುಕೋಳಿ ಬೇಟೆಗಾರರಿಗೆ ಬಾಡಿಗೆಗೆ ಕೊಟ್ಟು ಅದರಲ್ಲೂ ನಾಲ್ಕು ಕಾಸು ಮಾಡಿಕೊಳ್ಳುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಕೌಂಟಿಗೊಂದರಂತೆ, ಕೆಲವು ಕಡೆ ಎರಡು ಮೂರು ಕೌಂಟಿಗೆ ಸೇರಿಸಿ, ಫಾರ್ಮ್ ಸರ್ವಿಸ್ ಏಜೆನ್ಸಿ ಅನ್ನುವ ಕೇಂದ್ರ ಸರ್ಕಾರದ ಕಚೇರಿ ಇರುತ್ತದೆ. ಅಲ್ಲಿ ಪ್ರತಿ ಜಮೀನಿಗೂ ಒಂದು ಫಾರ್ಮ್ ನಂಬರ್, ಅದರೊಳಗೆ ತುಂಡು ತುಂಡಿಗೂ ಟ್ರ್ಯಾಕ್ಟ್ ನಂಬರ್. ನಮ್ಮಲ್ಲಿ ಸರ್ವೆ ನಂಬರ್, ಹಿಸ್ಸಾ ಇಲ್ವಾ, ಹಾಗೇ. ರೈತ ಕೇಳಿದರೆ 156-ಇಝೀ ಅಂತ ಒಂದು ಹಾಳೆ ತೆಗೆದುಕೊಡುತ್ತಾರೆ. ನಾವು ಪಹಣಿ ನೋಡುವಾಗ ಕಾಲಂ ಕಾಲಂ ನೋಡುತ್ತೇವಲ್ಲ, ಈ ಹಾಳೆಯಲ್ಲಿ ನೋಡಬೇಕಾದ್ದು ಮೂರು ಕಾಲಂ. ಬೆಳೆಯ ಹೆಸರು, ಅದರ ಮುಂದೆ ಬೇಸ್ ಎಕರೆ, ಅದರ ಮುಂದೆ ಎಕರೆಗೆ ಇಷ್ಟು ಅಂತ ಹಾಕಿದ ಇಳುವರಿ. ಈ ಬೇಸ್ ಎಕರೆಯೇ ಎಲ್ಲಕ್ಕೂ ಬುಡ. ಆ ಜಮೀನಿನಲ್ಲಿ ಹಿಂದಿನ ವರ್ಷಗಳಲ್ಲಿ ಯಾವ ಬೆಳೆ ಎಷ್ಟು ಎಕರೆ ಹಾಕಿದ್ದರು ಅನ್ನುವುದರ ಮೇಲೆ ಕಟ್ಟಿದ ಲೆಕ್ಕ ಅದು. 2002ರಲ್ಲಿ ಒಮ್ಮೆ, 2014ರಲ್ಲಿ ಒಮ್ಮೆ ತಿದ್ದಿಕೊಳ್ಳಲು ಅವಕಾಶ ಕೊಟ್ಟಿದ್ದರು. 2025ರ ಕಾನೂನು ಹೊಸದಾಗಿ ಒಂದಿಷ್ಟು ಬೇಸ್ ಸೇರಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಮಿಕ್ಕಂತೆ ಹಾಗೇ ನಿಂತಿದೆ. ಜಮೀನು ಮಾರಿದರೆ ಬೇಸ್ ಕೂಡ ಕೊಂಡವನಿಗೆ ಹೋಗುತ್ತದೆ.

ಇದರ ಮಜಾ ಏನು ಗೊತ್ತಾ? ನಿಮ್ಮ ಹೆಸರಿನಲ್ಲಿ 500 ಎಕರೆ ಭತ್ತದ ಬೇಸ್ ಇದ್ದು, ಈ ವರ್ಷ ನೀವು ಅಲ್ಲಿ ಸೋಯಾಬೀನ್ ಹಾಕಿದರೂ, ಭತ್ತದ ಬೆಲೆ ಬಿದ್ದರೆ ಭತ್ತದ ದುಡ್ಡು ಬರುತ್ತದೆ. ಬೇಸ್ ಇಲ್ಲದ ಪಕ್ಕದವನು ಮೈ ಮುರಿದು ಭತ್ತ ಬೆಳೆದು ನಷ್ಟ ಮಾಡಿಕೊಂಡರೂ ಈ ಯೋಜನೆಯಲ್ಲಿ ಅವನಿಗೆ ಸೊನ್ನೆ. ತರಕಾರಿ, ಹಣ್ಣು ಬೆಳೆಯುವವನ ಪಾಡು ಇನ್ನೂ ಕಷ್ಟ. ಆ ಬೆಳೆಗಳಿಗೆ ಬೇಸ್ ಅನ್ನುವುದೇ ಇಲ್ಲ, ಬೇಸ್ ಜಮೀನಿನಲ್ಲಿ ಒಂದು ಮಿತಿ ಮೀರಿ ತರಕಾರಿ ಹಾಕಿದರೆ ಬರುವ ದುಡ್ಡಿಗೂ ಕತ್ತರಿ.

ಬೆಳೆಗೂ ದುಡ್ಡಿಗೂ ಹೀಗೆ ನಂಟು ಕಡಿದದ್ದು 1996ರ ಕಾನೂನು. ಉದ್ದೇಶ ಒಳ್ಳೆಯದೇ ಇತ್ತು. ಸಬ್ಸಿಡಿ ಆಸೆಗೆ ಎಲ್ಲರೂ ಒಂದೇ ಬೆಳೆಗೆ ಬೀಳಬಾರದು, ಮಾರುಕಟ್ಟೆ ನೋಡಿ ಬೆಳೆಯಲಿ ಅಂತ. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಟೆಕ್ಸಾಸ್‌ನಲ್ಲಿ ಹಳೇ ಭತ್ತದ ಗದ್ದೆಗಳನ್ನು ತುಂಡು ಮಾಡಿ ಮನೆ ಕಟ್ಟಿಕೊಂಡವರಿಗೆ, ಹುಲ್ಲು ಬೆಳೆಸಿಕೊಂಡು ಕೂತವರಿಗೆ ಭತ್ತದ ದುಡ್ಡು ಹೋಗುತ್ತಿದೆ ಅಂತ 2006ರಲ್ಲಿ ಪತ್ರಿಕೆಗಳು ಬಯಲಿಗೆಳೆದವು. ಗದ್ದಲ ಆಯಿತು. ಬೆಲೆ ಏರಲಿ ಇಳಿಯಲಿ ವರ್ಷ ವರ್ಷ ಕೊಡುತ್ತಿದ್ದ ನೇರ ಪಾವತಿಯನ್ನು 2014ರಲ್ಲಿ ನಿಲ್ಲಿಸಿದರು. ಅದರ ಜಾಗಕ್ಕೆ ಎರಡು ಹೊಸ ಯೋಜನೆ ಬಂದವು. ಬೇಸ್ ಎಕರೆ ಮಾತ್ರ ಹಾಗೇ ಉಳಿಯಿತು.

ಎರಡರಲ್ಲಿ ಒಂದು ಪಿಎಲ್‌ಸಿ, ಬೆಲೆ ಕುಸಿತದ ಯೋಜನೆ. ಭತ್ತದವರು ಬಹುಪಾಲು ಇದರಲ್ಲೇ ಇದ್ದಾರೆ. ಕಾನೂನಿನಲ್ಲೇ ಒಂದು ಆಧಾರ ಬೆಲೆ ಬರೆದಿರುತ್ತದೆ. ದೇಶದ ಸರಾಸರಿ ಮಾರುಕಟ್ಟೆ ಬೆಲೆ ಅದಕ್ಕಿಂತ ಕೆಳಗೆ ಹೋದರೆ ನಡುವಿನ ಅಂತರವನ್ನು ಸರ್ಕಾರ ತುಂಬಿಕೊಡುತ್ತದೆ. ಭತ್ತಕ್ಕೆ 2014ರಿಂದ ಅದು 100 ಪೌಂಡಿಗೆ 14 ಡಾಲರ್ ಇತ್ತು. 2025ರ ಜುಲೈನಲ್ಲಿ ಟ್ರಂಪ್ ಸಹಿ ಹಾಕಿದ ದೊಡ್ಡ ಕಾನೂನಿನಲ್ಲಿ 16.90 ಡಾಲರ್‌ಗೆ ಏರಿಸಿದರು. 100 ಪೌಂಡ್ ಅಂದರೆ 45 ಕೆಜಿಗೆ ಸ್ವಲ್ಪ ಮೇಲೆ. ಡಾಲರ್‌ಗೆ 90 ರೂಪಾಯಿ ಅಂತ ಹಿಡಿದರೆ, ನಿಮ್ಮ ಕಡೆಯ 75 ಕೆಜಿ ಚೀಲಕ್ಕೆ 2,500 ರೂಪಾಯಿ ಚಿಲ್ಲರೆ ಆಯಿತು. ನಮ್ಮಲ್ಲಿ 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369. ಅದೇ ಚೀಲದ ಲೆಕ್ಕದಲ್ಲಿ 1,777 ರೂಪಾಯಿ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಅಮೆರಿಕ ಸರ್ಕಾರ ಭತ್ತ ಕೊಳ್ಳುವುದಿಲ್ಲ. ಖರೀದಿ ಕೇಂದ್ರ, ತೇವಾಂಶ ಜಾಸ್ತಿ ಅಂತ ವಾಪಸ್ ಕಳಿಸುವುದು, ಚೀಲ ಇಲ್ಲ ಅಂತ ಕಾಯಿಸುವುದು ಇದ್ಯಾವುದೂ ಇಲ್ಲ. ರೈತ ಮಿಲ್‌ಗೆ ಸಿಕ್ಕ ಬೆಲೆಗೆ ಮಾರಿಕೊಳ್ಳುತ್ತಾನೆ. ಅಂತರದ ದುಡ್ಡು ಬೇರೆ ದಾರಿಯಲ್ಲಿ ಅವನ ಬ್ಯಾಂಕ್ ಖಾತೆಗೆ ಬರುತ್ತದೆ. ಅದೂ ತಕ್ಷಣ ಅಲ್ಲ. 2025ರ ಬೆಳೆಯ ದುಡ್ಡು ಕೈಗೆ ಬರುವುದು 2026ರ ಅಕ್ಟೋಬರ್‌ನಲ್ಲಿ. ವರ್ಷ ಪೂರ್ತಿಯ ಸರಾಸರಿ ಬೆಲೆ ಗೊತ್ತಾಗಬೇಕಲ್ವಾ, ಅದಕ್ಕೆ. ಅಲ್ಲಿಯವರೆಗೆ ಬ್ಯಾಂಕಿನವನು ಕಾಯಬೇಕು.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಒಬ್ಬನಿಗೆ 1,000 ಎಕರೆ ಭತ್ತದ ಬೇಸ್ ಇದೆ, ಹಾಳೆಯಲ್ಲಿ ಎಕರೆಗೆ 6,000 ಪೌಂಡ್ ಇಳುವರಿ ಬರೆದಿದೆ, ಮಾರುಕಟ್ಟೆ ಸರಾಸರಿ 14 ಡಾಲರ್‌ಗೆ ನಿಂತಿದೆ ಅಂತಿಟ್ಟುಕೊಳ್ಳಿ. ಅಂತರ 2.90 ಡಾಲರ್. ಅದನ್ನು 60ರಿಂದ ಗುಣಿಸಿದರೆ ಎಕರೆಗೆ 174. ಕಾನೂನು ಬೇಸ್‌ನ ಶೇ 85ಕ್ಕೆ ಮಾತ್ರ ದುಡ್ಡು ಕೊಡುತ್ತದೆ, ಹಾಗಾಗಿ 147.90. ಅದರಲ್ಲಿ ಬಜೆಟ್ ಕಡಿತ ಅಂತ ಶೇ 5.7 ಮುರಿದುಕೊಳ್ಳುತ್ತಾರೆ. ಉಳಿದದ್ದು ಎಕರೆಗೆ ಸುಮಾರು 139 ಡಾಲರ್, ಸಾವಿರ ಎಕರೆಗೆ 1.39 ಲಕ್ಷ. ರೂಪಾಯಿಯಲ್ಲಿ ಒಂದೂಕಾಲು ಕೋಟಿ! ಕೇಳಿದರೆ ತಲೆ ತಿರುಗುತ್ತದೆ. ಆದರೆ ಅಲ್ಲಿ ಎಕರೆ ಭತ್ತಕ್ಕೆ ಡೀಸೆಲ್, ಗೊಬ್ಬರ, ಬೀಜ, ಔಷಧಿ, ಯಂತ್ರದ ಕಂತು ಎಲ್ಲಾ ಸೇರಿ ಸಾವಿರ ಡಾಲರ್ ಆಸುಪಾಸು ಖರ್ಚು ಬೀಳುತ್ತದೆ. ಸಾವಿರ ಎಕರೆಗೆ ಹತ್ತು ಲಕ್ಷ ಡಾಲರ್ ಸಾಲ ಎತ್ತಿ ನೆಲಕ್ಕೆ ಸುರಿದವನಿಗೆ ಈ 1.39 ಲಕ್ಷ ಬಂದರೆ ಬಡ್ಡಿ, ಬಾಡಿಗೆ ತೀರುತ್ತದೆ. ನಮ್ಮ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ ಅದು ಅವನಿಗೆ.

ಇನ್ನೊಂದು ಎಆರ್‌ಸಿ, ಆದಾಯ ಕುಸಿತದ ಯೋಜನೆ. ಮೆಕ್ಕೆಜೋಳ, ಸೋಯಾಬೀನ್ ರೈತರಲ್ಲಿ ಇದು ಜಾಸ್ತಿ. ಇದರಲ್ಲಿ ಬೆಲೆ ಮತ್ತು ಇಳುವರಿ ಎರಡನ್ನೂ ಗುಣಿಸಿ ಆದಾಯ ನೋಡುತ್ತಾರೆ, ಆದರೆ ಇಳುವರಿ ನಿಮ್ಮದಲ್ಲ, ಇಡೀ ಕೌಂಟಿಯ ಸರಾಸರಿ. ನಿಮ್ಮ ಹೊಲಕ್ಕೆ ಮಾತ್ರ ಆಲಿಕಲ್ಲು ಬಿದ್ದು ಕೌಂಟಿ ಮಿಕ್ಕೆಲ್ಲಾ ಕಡೆ ಚೆನ್ನಾಗಿದ್ದರೆ ಪೈಸೆ ಬರುವುದಿಲ್ಲ. ನಿಮಗೆ ಬಂಪರ್ ಬೆಳೆ ಬಂದು ಕೌಂಟಿ ಕುಸಿದಿದ್ದರೆ ದುಡ್ಡು ಬರುತ್ತದೆ. ಕೌಂಟಿ ಗಡಿಯ ರಸ್ತೆಯ ಈಚೆಗೆ ಒಂದು ದರ, ಆಚೆಗೆ ಒಂದು ದರ. ನಮ್ಮ ಬೆಳೆ ವಿಮೆಯಲ್ಲಿ ಹೋಬಳಿ, ಪಂಚಾಯ್ತಿ ಸರಾಸರಿ ಹಿಡಿದು ಜಗಳ ಆಗುತ್ತದಲ್ಲ, ಅದೇ ಜಗಳ ಅಲ್ಲೂ ಇದೆ.

ಹಾಗಾದರೆ ಒಬ್ಬನಿಗೆ ಎಷ್ಟಾದರೂ ಬರಬಹುದಾ? ಕಾಗದದ ಮೇಲೆ ಇಲ್ಲ. ಒಬ್ಬ ವ್ಯಕ್ತಿಗೆ ವರ್ಷಕ್ಕೆ 1.25 ಲಕ್ಷ ಡಾಲರ್ ಮಿತಿ ಇತ್ತು, 2025ರ ಬೆಳೆಯಿಂದ 1.55 ಲಕ್ಷ ಮಾಡಿದ್ದಾರೆ. ಮೂರು ವರ್ಷದ ಸರಾಸರಿ ಆದಾಯ 9 ಲಕ್ಷ ಡಾಲರ್ ದಾಟಿದವನಿಗೆ ಇದು ಸಿಗುವುದೇ ಇಲ್ಲ. ಆದರೆ ಮಿತಿ ಇದ್ದ ಮೇಲೆ ಕಳ್ಳದಾರಿ ಇರಲೇಬೇಕಲ್ಲ. ನಮ್ಮಲ್ಲಿ ಭೂಮಿತಿ ಕಾನೂನು ಬಂದಾಗ ಸಾಹುಕಾರರು ಏನು ಮಾಡಿದರು? ಹೆಂಡತಿ, ಮಕ್ಕಳು, ಅಳಿಯ, ಆಳುಮಗನ ಹೆಸರಿಗೆ ಬರೆಸಿದರು. ಅಲ್ಲೂ ಅದೇ. ಪಾಲುದಾರಿಕೆ ಸಂಸ್ಥೆ ಮಾಡಿಕೊಂಡರೆ ಒಬ್ಬೊಬ್ಬ ಪಾಲುದಾರನಿಗೂ ಬೇರೆ ಬೇರೆ ಮಿತಿ. ಗಂಡ, ಹೆಂಡತಿ, ತಮ್ಮ, ಮಗ ನಾಲ್ವರು ಇದ್ದರೆ ನಾಲ್ಕು ಮಿತಿ. 1980ರ ದಶಕದಲ್ಲಿ ಒಂದು ಸಂಸ್ಥೆಯ ಕೆಳಗೆ ಎರಡು, ಅದರ ಕೆಳಗೆ ನಾಲ್ಕು ಅಂತ ಕಟ್ಟಿಕೊಂಡು ಹೋಗಿದ್ದಕ್ಕೆ ಜನ ‘ಮಿಸಿಸಿಪ್ಪಿ ಕ್ರಿಸ್‌ಮಸ್ ಮರ’ ಅಂತಲೇ ಹೆಸರಿಟ್ಟಿದ್ದರು. ಆ ಮರ ಕಡಿದರು, ಆದರೆ ಬುಡದಲ್ಲಿ ಚಿಗುರು ಬರುತ್ತಲೇ ಇದೆ. 2018ರ ಕಾನೂನಿನಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಅಣ್ಣ ಅಕ್ಕನ ಮಕ್ಕಳನ್ನೂ ಕುಟುಂಬ ಅಂತ ಸೇರಿಸಿದರು. 2025ರಲ್ಲಿ ಕೆಲವು ಬಗೆಯ ಕಂಪನಿಗಳಿಗೂ ಪಾಲುದಾರಿಕೆಯ ಸವಲತ್ತು ಕೊಟ್ಟರು.

ಪಾಲುದಾರ ಆಗಲು ‘ಕೃಷಿಯಲ್ಲಿ ಸಕ್ರಿಯವಾಗಿ ತೊಡಗಿರಬೇಕು’ ಅನ್ನುವ ನಿಯಮ ಇದೆ. ಟ್ರ್ಯಾಕ್ಟರ್ ಹತ್ತಬೇಕು ಅಂತೇನಿಲ್ಲ. ದುಡ್ಡೋ ಜಮೀನೋ ಯಂತ್ರವೋ ಹಾಕಿ, ಮೇಲ್ವಿಚಾರಣೆ ನಾನು ನೋಡಿಕೊಳ್ಳುತ್ತೇನೆ ಅಂದರೂ ನಡೆಯುತ್ತದೆ. ನೀವು ಬೇರೆ ರಾಜ್ಯದ ವಿಳಾಸ ನೋಡಿದಿರಲ್ಲ, ಅದಕ್ಕೆ ಒಂದು ಕಾರಣ ಇದು.

ಇನ್ನೊಂದು ಕಾರಣ ಗುತ್ತಿಗೆ. ಅಮೆರಿಕದ ಕೃಷಿ ಭೂಮಿಯಲ್ಲಿ ಶೇ 40ರಷ್ಟು ಗುತ್ತಿಗೆಯ ಮೇಲಿದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲಿನ ಒಡೆಯರು ಬೇಸಾಯವನ್ನೇ ಮಾಡದವರು. ಅಜ್ಜನ ಜಮೀನು ಬಂತು, ಮೊಮ್ಮಗಳು ಶಿಕಾಗೊದಲ್ಲೋ ಡಲ್ಲಾಸ್‌ನಲ್ಲೋ ನೌಕರಿಯಲ್ಲಿದ್ದಾಳೆ ಅನ್ನುವ ಥರ. ಇಂತಿಷ್ಟು ದುಡ್ಡು ಅಂತ ನಗದು ಗುತ್ತಿಗೆ ಆಗಿದ್ದರೆ ಸರ್ಕಾರದ ದುಡ್ಡು ಪೂರ್ತಿ ಉಳುವವನಿಗೆ. ಬೆಳೆಯಲ್ಲಿ ಪಾಲು ಅಂತ ಆಗಿದ್ದರೆ ಆ ಪಾಲಿನ ಪ್ರಕಾರ ಒಡೆಯನಿಗೂ ಬರುತ್ತದೆ. ಆರ್ಕನ್ಸಾದ ಭತ್ತದ ಸೀಮೆಯಲ್ಲಿ ಪಾಲಿನ ಗುತ್ತಿಗೆ ಇವತ್ತಿಗೂ ಚೆನ್ನಾಗಿ ನಡೆಯುತ್ತದೆ. ಐನೂರು ಆರುನೂರು ಡಾಲರ್ ಬಂದವರು ಬಡ ರೈತರು ಅಂದುಕೊಂಡಿರಬೇಕು ನೀವು. ಅವರಲ್ಲಿ ಕೆಲವರು ನಾಲ್ಕು ಜನರ ಜಂಟಿ ಹಕ್ಕಿನ ಸಣ್ಣ ಪಾಲಿನ ಒಡೆಯರೂ ಆಗಿರಬಹುದು.

ನಗದು ಗುತ್ತಿಗೆಯಲ್ಲೂ ಒಡೆಯ ಸುಮ್ನೆ ಕೂರುವುದಿಲ್ಲ. ಬೇಸ್ ಇರುವ ಜಮೀನು ಅಂತ ಬಾಡಿಗೆ ಏರಿಸುತ್ತಾನೆ. ಒಂದು ಡಾಲರ್ ಸಬ್ಸಿಡಿಯಲ್ಲಿ ಸುಮಾರು 25 ಸೆಂಟ್ ಹೀಗೆ ಬಾಡಿಗೆಯ ರೂಪದಲ್ಲಿ ಒಡೆಯನ ಜೇಬಿಗೆ ಜಾರುತ್ತದೆ ಅಂತ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಜಮೀನಿನ ಮಾರಾಟದ ಬೆಲೆಯೊಳಗೂ ಅದು ಸೇರಿಕೊಳ್ಳುತ್ತದೆ. ನನ್ನ ಕೇಳಿದರೆ ಇಡೀ ವ್ಯವಸ್ಥೆಯ ದೊಡ್ಡ ಹುಳುಕು ಇದು. ಹೊಸದಾಗಿ ಬೇಸಾಯಕ್ಕೆ ಬರುವ ಹುಡುಗನಿಗೆ ಸಹಾಯ ಆಗಲಿ ಅಂತ ಕೊಟ್ಟ ದುಡ್ಡೇ ಅವನು ಜಮೀನು ಕೊಳ್ಳಲಾಗದ ಹಾಗೆ ಬೆಲೆ ಏರಿಸಿ ಕೂರಿಸುತ್ತದೆ.

ಇದು ಇವತ್ತಿನ ರೋಗವೂ ಅಲ್ಲ. ರೂಸ್‌ವೆಲ್ಟ್ ಸರ್ಕಾರ 1933ರಲ್ಲಿ ಮೊದಲ ಕಾನೂನು ತಂದಾಗ ಹತ್ತಿ ಬೆಲೆ ನೆಲ ಕಚ್ಚಿತ್ತು. ಬೆಳೆ ಕಮ್ಮಿ ಮಾಡಿ, ದುಡ್ಡು ಕೊಡುತ್ತೇವೆ ಅಂದರು. ದುಡ್ಡು ಹೋಗಿದ್ದು ಜಮೀನ್ದಾರರಿಗೆ. ಪಾಲಿಗೆ ಮಾಡುತ್ತಿದ್ದ ಕೋರುದಾರರಿಗೆ ಅವರ ಪಾಲು ಕೊಡಬೇಕು ಅಂತ ಕಾಗದದಲ್ಲಿತ್ತು. ಆದರೆ ಹೊಲ ಬೀಳು ಬಿಟ್ಟ ಮೇಲೆ ಕೋರುದಾರ ಯಾಕೆ ಬೇಕು? ಒಕ್ಕಲೆಬ್ಬಿಸಿದರು. ಇದೇ ಆರ್ಕನ್ಸಾ ರಾಜ್ಯದ ಟೈರೊನ್ಜಾ ಅನ್ನುವ ಊರಿನ ಹತ್ತಿರ 1934ರ ಜುಲೈನಲ್ಲಿ ಬಿಳಿಯರು, ಕರಿಯರು ಒಟ್ಟಿಗೆ ಕೂತು ಸದರ್ನ್ ಟೆನೆಂಟ್ ಫಾರ್ಮರ್ಸ್ ಯೂನಿಯನ್ ಅಂತ ಕಟ್ಟಿದರು. ಆ ಕಾಲದಲ್ಲಿ ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳಲ್ಲಿ ಬಿಳಿಯರು ಕರಿಯರು ಒಂದೇ ಸಂಘದಲ್ಲಿ ಕೂರುವುದು ಸಣ್ಣ ಮಾತಲ್ಲ. ಹೊಡೆತ, ಬಂಧನ ಎಲ್ಲಾ ಅನುಭವಿಸಿದರು.

ಫಾರ್ಮ್ ಸರ್ವಿಸ್ ಏಜೆನ್ಸಿಯ ಕೌಂಟಿ ಕಚೇರಿಯ ಮೇಲೆ ರೈತರೇ ಓಟು ಹಾಕಿ ಆರಿಸುವ ಒಂದು ಸಮಿತಿ ಇರುತ್ತದೆ. ಅಂಚೆಯಲ್ಲಿ ಮತಪತ್ರ ಬರುತ್ತದೆ, ತುಂಬಿ ಡಿಸೆಂಬರ್ ಮೊದಲ ಸೋಮವಾರದೊಳಗೆ ಕಳಿಸಬೇಕು. ಊರಿನವರೇ ಊರಿನವರ ಅರ್ಜಿ ನೋಡಲಿ ಅನ್ನುವುದು ಕೇಳಲು ಚಂದ. ಆದರೆ ಊರ ಪ್ರಮುಖರೇ ಕೂತರೆ ಏನಾಗುತ್ತದೆ ಅಂತ ನಮಗೆ ಸೊಸೈಟಿ ಚುನಾವಣೆ ನೋಡಿ ಗೊತ್ತಿದೆ. ದಶಕಗಳ ಕಾಲ ಕರಿಯ ರೈತರ ಸಾಲದ ಅರ್ಜಿಗಳನ್ನು ತಡಮಾಡಿದರು, ತಿರಸ್ಕರಿಸಿದರು. ಪಿಗ್‌ಫರ್ಡ್ ಅನ್ನುವ ಮೊಕದ್ದಮೆಯಲ್ಲಿ 1999ರಲ್ಲಿ ರಾಜಿ ಆಗಿ ಸರ್ಕಾರ ನೂರು ಕೋಟಿ ಡಾಲರ್ ಆಸುಪಾಸು ಪರಿಹಾರ ಕೊಟ್ಟಿತು, 2010ರಲ್ಲಿ ಇನ್ನೂ 125 ಕೋಟಿ. ಅಷ್ಟರಲ್ಲಿ ಎಷ್ಟೋ ಜನರ ಜಮೀನು ಕೈ ಬಿಟ್ಟಿತ್ತು. ಈಗ ನಿಮ್ಮ ಪಟ್ಟಿಯಲ್ಲಿ ಕರಿಯ ರೈತರ ಹೆಸರು ಕಮ್ಮಿ ಕಂಡರೆ ಅದರ ಹಿಂದೆ ಈ ಕಥೆಯೂ ಇದೆ.

ಪಟ್ಟಿಯ ಬಗ್ಗೆ ಇನ್ನೆರಡು ಎಚ್ಚರಿಕೆ. ಆ ಕೌಂಟಿಯ ಹಳೇ ವರ್ಷಗಳಲ್ಲಿ ರೈಸ್‌ಲ್ಯಾಂಡ್ ಫುಡ್ಸ್ ಅನ್ನುವ ಹೆಸರಿನ ಮುಂದೆ ಒಟ್ಟು 50 ಕೋಟಿ ಡಾಲರ್‌ಗೂ ಜಾಸ್ತಿ ಕಾಣುತ್ತದೆ. ಕಂಪನಿ ನುಂಗಿತು ಅಂದುಕೊಳ್ಳಬೇಡಿ. ಅದು 1921ರಲ್ಲಿ ಶುರುವಾದ ರೈತರ ಸಹಕಾರ ಸಂಘ, ಮುಖ್ಯ ಕಚೇರಿ ಸ್ಟಟ್‌ಗಾರ್ಟ್‌ನಲ್ಲೇ ಇದೆ. ಸಾವಿರಾರು ಸದಸ್ಯರ ಪರವಾಗಿ ತೆಗೆದುಕೊಂಡು ಹಂಚಿದ ದುಡ್ಡು ಅದು. ಎರಡನೆಯದು ಇನ್ನೂ ಮುಖ್ಯ. ಬೆಳೆ ವಿಮೆಯ ಸಬ್ಸಿಡಿ ಹೆಸರುವಾರು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅಲ್ಲಿ ವಿಮೆ ಮಾರುವುದು ಖಾಸಗಿ ಕಂಪನಿ, ಕಂತಿನಲ್ಲಿ ಸರಾಸರಿ ಶೇ 60ಕ್ಕೂ ಮೇಲೆ ಸರ್ಕಾರ ಕಟ್ಟುತ್ತದೆ. ಇದಕ್ಕೆ 1.55 ಲಕ್ಷದ ಮಿತಿ ಇಲ್ಲ, 9 ಲಕ್ಷದ ಆದಾಯ ಮಿತಿಯೂ ಇಲ್ಲ, ಯಾರಿಗೆ ಎಷ್ಟು ಅಂತ ಹೆಸರು ಹೇಳಬಾರದು ಅಂತ ಕಾನೂನೇ ಇದೆ. ಹೆಸರು ಕಾಣುವ ಯೋಜನೆಗೆ ಮಿತಿ, ಹೆಸರು ಕಾಣದ ಯೋಜನೆಗೆ ಮಿತಿಯೇ ಇಲ್ಲ, ಚೆನ್ನಾಗಿದೆ ಅಲ್ವಾ?

ಇನ್ನು ಈಚಿನ ವರ್ಷಗಳಲ್ಲಿ ಪಟ್ಟಿಯನ್ನು ಉಬ್ಬಿಸಿರುವುದು ತುರ್ತು ದುಡ್ಡು. 2018ರಲ್ಲಿ ಚೀನಾ ಜೊತೆ ಸುಂಕದ ಜಗಳ ಶುರುವಾದಾಗ ಎರಡು ವರ್ಷದಲ್ಲಿ ಸುಮಾರು 2,300 ಕೋಟಿ ಡಾಲರ್ ಹಂಚಿದರು. 2019ರ ಕಂತಿನಲ್ಲಿ ಕೌಂಟಿಗೊಂದು ದರ ಇಟ್ಟರು, ಎಕರೆಗೆ 15 ಡಾಲರ್‌ನಿಂದ 150ರವರೆಗೆ. ಗಡಿ ದಾಟಿದರೆ ದರ ಬೇರೆ, ಎಷ್ಟು ಜಗಳ ಆಗಿರಬೇಡ ಯೋಚಿಸಿ. 2025ರಲ್ಲಿ ಹಿಂದಿನ ವರ್ಷದ ನಷ್ಟಕ್ಕೆ ಅಂತ ಭತ್ತಕ್ಕೆ ಎಕರೆಗೆ 76.94 ಡಾಲರ್ ದರ ಗೊತ್ತು ಮಾಡಿದರು. ಡಿಸೆಂಬರ್‌ನಲ್ಲಿ ಮತ್ತೆ 1,200 ಕೋಟಿಯ ಇನ್ನೊಂದು ಯೋಜನೆ, ಅದರಲ್ಲಿ ಭತ್ತಕ್ಕೆ 132.89, ಎಲ್ಲ ಬೆಳೆಗಿಂತ ಜಾಸ್ತಿ. ಇವು ಬೇಸ್ ನೋಡುವುದಿಲ್ಲ, ನಿಜವಾಗಿ ಬಿತ್ತಿದ ಎಕರೆ ನೋಡುತ್ತವೆ, ಅಷ್ಟರ ಮಟ್ಟಿಗೆ ನ್ಯಾಯ. ಆದರೆ ಪ್ರತಿ ವರ್ಷ ತುರ್ತು ಅಂದರೆ ಅದು ತುರ್ತು ಹೇಗಾಗುತ್ತದೆ? ಅಮೆರಿಕದ ಸೆನೆಟ್‌ನ ಕೃಷಿ ಸಮಿತಿಯ ಅಧ್ಯಕ್ಷರು ಈಗ ಜಾನ್ ಬೂಜ್‌ಮನ್, ಆರ್ಕನ್ಸಾದವರೇ. ಭತ್ತದ ದರ ಯಾಕೆ ಮೇಲಿದೆ ಅಂತ ಕೇಳುವವರು ಅದನ್ನೂ ನೆನಪಿನಲ್ಲಿಟ್ಟುಕೊಳ್ಳಲಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ನಮಗೆ ಯಾಕೆ ಆರು ಸಾವಿರ. ಇಬ್ಬರ ದುಡ್ಡೂ ಎಕರೆ ಲೆಕ್ಕದಲ್ಲಿ ನೋಡಬೇಕು, ತಲೆ ಲೆಕ್ಕದಲ್ಲಿ ಅಲ್ಲ. ಅಮೆರಿಕದಲ್ಲಿ ಸರಾಸರಿ ಹಿಡುವಳಿ 460 ಎಕರೆಗೂ ಮೇಲೆ, ನಮ್ಮ ರಾಜ್ಯದಲ್ಲಿ ಮೂರೂವರೆ ಎಕರೆ ಆಸುಪಾಸು. ಪಿಎಂ ಕಿಸಾನ್‌ನ 6,000ವನ್ನು ಎರಡು ಎಕರೆಯವನು ತೆಗೆದುಕೊಂಡರೆ ಎಕರೆಗೆ 3,000 ಆಯಿತು. ಅದರ ಮೇಲೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಟ್ಟಿ. 45 ಕೆಜಿ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುತ್ತದೆ, ಅದರ ನಿಜವಾದ ಖರ್ಚು ಅದಕ್ಕಿಂತ ಎಷ್ಟೋ ಪಟ್ಟು. ತುಂಗಭದ್ರಾ ಕಾಲುವೆ ನೀರಿಗೆ ನೀವು ಕಟ್ಟುವ ತೆರಿಗೆ ಎಷ್ಟು ಅಂತ ನೀವೇ ಹೇಳಿ! ಆರ್ಕನ್ಸಾದವನು ಡೀಸೆಲ್, ಗೊಬ್ಬರ ಎಲ್ಲಾ ಪೂರ್ತಿ ಬೆಲೆಗೆ ಕೊಳ್ಳುತ್ತಾನೆ. ನಮ್ಮ ಸಬ್ಸಿಡಿ ಗೊಬ್ಬರದ ಚೀಲದಲ್ಲಿ, ತಂತಿಯಲ್ಲಿ, ಕಾಲುವೆಯಲ್ಲಿ ಬರುತ್ತದೆ, ಹೆಸರಿನ ಪಟ್ಟಿ ಇಲ್ಲ. ಅವರದು ಚೆಕ್‌ನಲ್ಲಿ ಬರುತ್ತದೆ, ಪಟ್ಟಿ ಇದೆ. ಹಾಗಂತ ನಿಮ್ಮ ಸಿಟ್ಟು ತಪ್ಪು ಅಂತ ಹೇಳುತ್ತಿಲ್ಲ. ಬೆಂಬಲ ಬೆಲೆ ಇದ್ದೂ ಸುಗ್ಗಿಯಲ್ಲಿ ಮಿಲ್‌ನವನು ಕೇಳಿದ ದರಕ್ಕೆ ಕೊಟ್ಟು ಬರುವ ಪರಿಸ್ಥಿತಿಯಲ್ಲಿ, ಮಾರಿದ ಮೇಲೆ ಅಂತರ ತುಂಬಿಕೊಡುವ ಅಮೆರಿಕದ ದಾರಿ ಭತ್ತಕ್ಕೆ ಹೊಂದುತ್ತದಾ ಅಂತ ನಮ್ಮಲ್ಲೂ ಗಂಭೀರವಾಗಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಬೇಸ್ ಎಕರೆಯನ್ನು ಮಾತ್ರ ತರುವುದು ಬೇಡ. ಪಹಣಿಯಲ್ಲಿ ಹೆಸರಿಲ್ಲದ ಗುತ್ತಿಗೆದಾರನಿಗೆ ಪಿಎಂ ಕಿಸಾನ್ ಈಗಲೇ ಸಿಗುತ್ತಿಲ್ಲ, ಇನ್ನೊಂದು ದಾಖಲೆ ಅವನ ಕೊರಳಿಗೆ ಯಾಕೆ.

ಮತ್ತೆ, ನೀವೂ ಸ್ಟಟ್‌ಗಾರ್ಟ್‌ನವನೂ ಬೇರೆ ಬೇರೆ ಲೋಕದಲ್ಲಿದ್ದೀರಿ ಅಂದುಕೊಳ್ಳಬೇಡಿ. ನಮ್ಮ ಭತ್ತ, ಗೋಧಿಯ ಬೆಂಬಲ ಬೆಲೆ ಮಿತಿ ಮೀರಿದೆ ಅಂತ 2018ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ತಕರಾರು ಎತ್ತಿದ್ದು ಅಮೆರಿಕವೇ. 2025ರ ಡಿಸೆಂಬರ್‌ನಲ್ಲಿ ಆ 1,200 ಕೋಟಿ ಘೋಷಿಸಿದ ಸಭೆಯಲ್ಲೇ, ಭಾರತ ಅಗ್ಗದ ಅಕ್ಕಿ ತಂದು ಸುರಿಯುತ್ತಿದೆ ಅಂತ ಟ್ರಂಪ್ ಎದುರು ದೂರು ಹೋಯಿತು. ಅಮೆರಿಕಕ್ಕೆ ಹೋಗುವ ನಮ್ಮ ಅಕ್ಕಿ ಬಹುಪಾಲು ಬಾಸ್ಮತಿ, ನಿಮ್ಮ ಸೋನಾ ಮಸೂರಿ ಏನಿದ್ದರೂ ನಿಮ್ಮ ಮಗನಂಥವರ ಅಡುಗೆಮನೆಗೆ. ಅದರಿಂದ ಅವರಿಗೆ ದೊಡ್ಡ ಪೆಟ್ಟಿಲ್ಲ. ಪೆಟ್ಟು ಬೀಳುವುದು ಬೇರೆ ಕಡೆ. ಅಮೆರಿಕ ಬೆಳೆದ ಅಕ್ಕಿಯಲ್ಲಿ ಹೆಚ್ಚುಕಮ್ಮಿ ಅರ್ಧ ಹೊರದೇಶಕ್ಕೆ ಹೋಗುತ್ತದೆ, ಜಗತ್ತಿನಲ್ಲಿ ಅತಿ ಹೆಚ್ಚು ಅಕ್ಕಿ ರಫ್ತು ಮಾಡುವುದು ಭಾರತ. 2023ರ ಜುಲೈನಲ್ಲಿ ನಮ್ಮ ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಜಗತ್ತಿನಲ್ಲಿ ಬೆಲೆ ಏರಿತು, ಇಲ್ಲಿ ನಿಮಗೆ ರೇಟು ಸಿಗಲಿಲ್ಲ ಅಂತ ನೀವು ಬೈದುಕೊಂಡಿರಿ. 2024ರ ಸೆಪ್ಟೆಂಬರ್‌ನಲ್ಲಿ ನಿಷೇಧ ತೆಗೆದ ಮೇಲೆ ಜಗತ್ತಿನ ಬೆಲೆ ಇಳಿಯುತ್ತಾ ಹೋಯಿತು. ಅದರ ಜೊತೆ ಅಮೆರಿಕದ ಬೆಲೆ 16.90 ಡಾಲರ್‌ಗಿಂತ ಎಷ್ಟು ಕೆಳಗೆ ನಿಲ್ಲುತ್ತದೆ ಅನ್ನುವುದರ ಮೇಲೆ ಸ್ಟಟ್‌ಗಾರ್ಟ್‌ನವನ ಅಕ್ಟೋಬರ್ ಚೆಕ್ ನಿಂತಿದೆ.